ಹೆಸರು ಜೆಪಿಜಿ, ಒಳಗೆ ಇನ್ಯಾವುದೋ

ನಮಸ್ಕಾರ. ಈಚೆಗೆ ಒಂದು ಸೀರೆ ಅಂಗಡಿಗೆ ಸೈಟ್ ಮಾಡಿಕೊಟ್ಟೆ. ಸಗಟು ವ್ಯಾಪಾರಿಯ ಸರ್ವರ್‌ನಿಂದ ಫೋಟೋಗಳನ್ನು ಇಳಿಸಿ ನಮ್ಮಲ್ಲಿ ಸೇವ್ ಮಾಡಬೇಕಿತ್ತು. ಯುಆರ್‌ಎಲ್‌ನಲ್ಲಿ, ಅಂದರೆ ಫೋಟೋದ ವೆಬ್ ವಿಳಾಸದಲ್ಲಿ, ಕೊನೆಯ ಚುಕ್ಕಿ ಹುಡುಕು, ಅದರ ಮುಂದಿರುವುದೇ ಎಕ್ಸ್‌ಟೆನ್ಷನ್, ಫೈಲ್ ಯಾವ ಬಗೆಯದೆಂದು ಹೇಳುವ ಹೆಸರಿನ ಬಾಲ. ಒಂದೇ ಸಾಲಿನ ಕೋಡ್. ಮುಗೀತು ಅಂದುಕೊಂಡೆ.

ಮಾರನೇ ದಿನ ಅಂಗಡಿಯವರ ಫೋನ್. "ಸಾರ್, ಸೈಟಲ್ಲಿ ಫೋಟೋ ಕಾಣುತ್ತೆ, ಬಿಲ್ಲಿಂಗ್ ಸಾಫ್ಟ್‌ವೇರಲ್ಲಿ ಓಪನ್ನೇ ಆಗ್ತಿಲ್ಲ."

ಬ್ರೌಸರ್‌ಗೆ ಹೆಸರಿನ ಹಂಗಿಲ್ಲ. ಫೈಲಿನ ಮೊದಲ ಬೈಟುಗಳನ್ನೇ ನೋಡಿ ಚಿತ್ರ ತೋರಿಸಿಬಿಡುತ್ತದೆ. ಹಾಗಾಗಿ ನಮ್ಮ ತಪ್ಪು ನಮಗೇ ಕಾಣುವುದಿಲ್ಲ. ಫೋಲ್ಡರ್ ತೆರೆದೆ. ಒಂದು ಯುಆರ್‌ಎಲ್‌ಗೆ ಎಕ್ಸ್‌ಟೆನ್ಷನ್ನೇ ಇರಲಿಲ್ಲ. ಅದರ ಕೊನೆಯ ಚುಕ್ಕಿ ಡಾಟ್ ಕಾಮ್‌ನ ಚುಕ್ಕಿ! ಅಲ್ಲಿಂದ ಮುಂದಿನದೆಲ್ಲ ಎಕ್ಸ್‌ಟೆನ್ಷನ್ ಆಗಿ ಕೂತಿತ್ತು. ಜೆಪಿಜಿ ಅಂತ ಹೆಸರಿದ್ದ ಇನ್ನೊಂದನ್ನು ಹೆಕ್ಸ್‌ನಲ್ಲಿ, ಅಂದರೆ ಬೈಟುಗಳನ್ನೇ ತೋರಿಸುವ ಎಡಿಟರ್‌ನಲ್ಲಿ, ತೆರೆದರೆ ಮೊದಲು 'ಆರ್‌ಐಎಫ್‌ಎಫ್', ನಾಲ್ಕು ಬೈಟ್ ಬಿಟ್ಟು 'ವೆಬ್‌ಪಿ'. ಅದು ಬೇರೆಯೇ ಬಗೆಯ ಚಿತ್ರ. ಮತ್ತೊಂದರ ಒಳಗಿದ್ದದ್ದು ಎಚ್‌ಟಿಎಂಎಲ್, ಲಾಗಿನ್ ಪೇಜು. ಅದೂ ಸೀರೆ ಅಂತಲೇ ಸೇವ್ ಆಗಿತ್ತು, 1,850 ರೂಪಾಯಿ ಬೆಲೆಯ ಸಮೇತ.

"ಕಂಟೆಂಟ್-ಟೈಪ್ ಹೆಡರ್ ನೋಡಬೇಕಿತ್ತು" ಅಂತೀರಿ, ಅಲ್ವಾ? ಫೈಲ್ ಯಾವ ಬಗೆಯದು ಅಂತ ಸರ್ವರ್ ಜೊತೆಗೆ ಕಳಿಸುವ ಚೀಟಿ ಅದು. ನೋಡಿ, ಬೇಡ ಅನ್ನಲ್ಲ. ಆದರೆ ಎಷ್ಟೋ ಸ್ಟೋರೇಜ್ ಸರ್ವರ್‌ಗಳು ಎಲ್ಲದಕ್ಕೂ 'ಆಕ್ಟೆಟ್-ಸ್ಟ್ರೀಮ್', ಅಂದರೆ 'ಯಾವುದೋ ಬೈಟುಗಳು', ಅಂತ ಒಂದೇ ರಾಗ ಹಾಡುತ್ತವೆ. ನಾನೀಗ ನಂಬುವುದು ಬೈಟುಗಳನ್ನು. ಜೆಪಿಜಿ ಆದರೆ ಮೊದಲ ಮೂರು ಬೈಟು ಎಫ್‌ಎಫ್ ಡಿ8 ಎಫ್‌ಎಫ್. ಪಿಎನ್‌ಜಿ ಆದರೆ 89, ಆಮೇಲೆ ಪಿ, ಎನ್, ಜಿ ಅಕ್ಷರಗಳೇ. ಪ್ರೋಗ್ರಾಂ ಭಾಷೆ ಪಿಎಚ್‌ಪಿ ಆದರೆ ಫೈಲ್‌ಇನ್ಫೋ, ಪೈಥಾನ್ ಆದರೆ ಪಿಲ್ಲೋ ಎಂಬ ಸಿದ್ಧ ಕೋಡ್ ಇದನ್ನು ಗುರುತಿಸುತ್ತದೆ. ಪೈಥಾನ್‌ನ ಹಳೆಯ ಇಮ್‌ಜಿಹೆಚ್‌ಡಿಆರ್ (imghdr) ಮಾಡ್ಯೂಲ್ ನೆಚ್ಚಿಕೊಂಡಿದ್ದರೆ ಬಿಡಿ, 3.13ನೇ ಆವೃತ್ತಿಯಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ.

ಬೈಟು ನೋಡಿದರೂ ಸಾಲದು. ಜಿಐಎಫ್ ಚಿತ್ರದ ಹಾಗೆ 'ಜಿಐಎಫ್89ಎ' ಅಂತ ಶುರುವಾಗಿ ಹಿಂದೆ ಪಿಎಚ್‌ಪಿ ಕೋಡ್ ಬಚ್ಚಿಟ್ಟುಕೊಂಡ ಫೈಲ್ ಬರಬಹುದು. ಯುಆರ್‌ಎಲ್ ಕೊನೆಯಲ್ಲಿ ಡಾಟ್ ಪಿಎಚ್‌ಪಿ ಇದೆ ಅಂತ ನೀವೂ ಅದೇ ಹೆಸರಲ್ಲಿ ಅಪ್‌ಲೋಡ್ಸ್ ಫೋಲ್ಡರ್‌ಗೆ ಹಾಕಿದಿರೋ, ಸರ್ವರ್ ಅದನ್ನು ಓಡಿಸಿಯೇಬಿಡಬಹುದು. ಕಳ್ಳನಿಗೆ ನಾವೇ ಬೀಗದ ಕೈ ಕೊಟ್ಟ ಹಾಗೆ. ಅದಕ್ಕೇ ನನ್ನ ಹಟ: ಎಕ್ಸ್‌ಟೆನ್ಷನ್ ಯಾವತ್ತೂ ಹೊರಗಿನಿಂದ ಬರಬಾರದು. ನನ್ನ ಕೋಡ್‌ನಲ್ಲಿ ಐದು ಹೆಸರಿನ ಪಟ್ಟಿ ಇದೆ. ಬೈಟು ಯಾವುದಕ್ಕೆ ಹೊಂದುತ್ತದೋ ಆ ಹೆಸರು. ಯಾವುದಕ್ಕೂ ಹೊಂದದಿದ್ದರೆ ಸೇವ್ ಇಲ್ಲ. ಎಸ್‌ವಿಜಿ ಎಂಬ ಚಿತ್ರದ ಬಗೆಯನ್ನು ತಗೊಳ್ಳೋದೇ ಇಲ್ಲ, ಅದರೊಳಗೆ ಸ್ಕ್ರಿಪ್ಟ್, ಅಂದರೆ ಓಡುವ ಕೋಡ್, ಕೂರಬಹುದು.

ಇಷ್ಟು ಬರೆಯಲು ಹದಿನೈದು ಸಾಲು ಸಾಕಾಯಿತು. ಹಳೆಯ ಫೈಲುಗಳ ಹೆಸರು ಬದಲಿಸಿ, ಡೇಟಾಬೇಸ್‌ನಲ್ಲೂ ತಿದ್ದಲು ಎರಡು ರಾತ್ರಿ ಹೋಯಿತು.

ಆ ಲಾಗಿನ್ ಪೇಜಿನ ಸೀರೆಗೆ ಇನ್ನೂ ಫೋಟೋ ಇಲ್ಲ. ಅಂಗಡಿಯವರೇ ತೆಗೆದು ಡ್ರೈವ್‌ಗೆ ಹಾಕ್ತೀನಿ ಅಂದಿದ್ದಾರೆ. ಐಫೋನ್ ಅಂತೆ. ಅಂದರೆ ಬರುವುದು ಬಹುಶಃ ಎಚ್‌ಇಐಸಿ, ಐಫೋನ್ ಕ್ಯಾಮೆರಾ ಫೋಟೋ ಸೇವ್ ಮಾಡುವ ಬಗೆ. ನನ್ನ ಪಟ್ಟಿಯಲ್ಲಿ ಅದಿಲ್ಲ.