ನುಗ್ಗೆ, ಪಪ್ಪಾಯ ಸಾಸಿವೆಗೆ ನೆಂಟರಾಗಿದ್ದು ಹೇಗೆ?

(ತೆರೆಯ ಮೇಲೆ: ಹೊಲದ ಬದು, ಹಳದಿ ಹೂ)

ನಮಸ್ಕಾರ. ಚಿತ್ರದುರ್ಗದ ಕಡೆ ಒಂದು ಮಳೆ ಬಿದ್ದರೆ ಸಾಕು, ಬದುವಿನಲ್ಲಿ ಈ ಗಿಡ ಎದ್ದು ನಿಲ್ಲುತ್ತದೆ. ನಾಯಿ ಸಾಸಿವೆ. ಮುಟ್ಟಿದರೆ ಅಂಟಂಟು. ನಾಲ್ಕು ಎಸಳು, ಉದ್ದ ಕಾಯಿ, ಒಳಗೆ ಸಣ್ಣ ಬೀಜ. ಇದೂ ಸಾಸಿವೆ ಜಾತಿಯೇ ಅಲ್ವಾ?

ಕಾಯಿ ಬಿಡಿಸಿ ನೋಡಿ. ಸಾಸಿವೆ ಕಾಯಿಯ ನಡುವೆ ತೆಳ್ಳನೆಯ ಪರದೆ ಇರುತ್ತದೆ, ಎರಡೂ ಕಡೆಯ ಸಿಪ್ಪೆ ಕಳಚಿ ಬಿದ್ದ ಮೇಲೂ ಅದು ಗಿಡದಲ್ಲೇ ನಿಂತಿರುತ್ತದೆ. ನಾಯಿ ಸಾಸಿವೆಗೆ ಪರದೆಯೇ ಇಲ್ಲ. ಸಾಸಿವೆ ಹೂವಿಗೆ ಆರು ಕೇಸರ: ನಾಲ್ಕು ಉದ್ದ, ಎರಡು ಗಿಡ್ಡ. ಇದಕ್ಕೆ ಅದಕ್ಕಿಂತ ಜಾಸ್ತಿ. ಹಾಗಾಗಿ ಕುಟುಂಬ ಬೇರೆ. ದಾವಣಗೆರೆ ಮಾರ್ಕೆಟ್ಟಿನ ಮೂಲಂಗಿ, ಎಲೆಕೋಸು, ನವಿಲುಕೋಸು ನೋಡಲು ಎಷ್ಟೇ ಬೇರೆ ಇರಲಿ, ಕೀಳದೆ ಹೂವಿಗೆ ಬಿಟ್ಟರೆ ಎಲ್ಲದರಲ್ಲೂ ಅದೇ ನಾಲ್ಕು ಎಸಳು, ಅದೇ ಆರು ಕೇಸರ.

ಈಗ ಘಾಟಿನ ವಿಷಯ. ನನಗೆ ತುಂಬಾ ಇಷ್ಟವಾದ ಭಾಗ ಇದು. ಇಡಿ ಸಾಸಿವೆ ಮೂಸಿದರೆ ವಾಸನೆ ಇಲ್ಲ. ನೀರು ಹಾಕಿ ಅರೆದರೆ ಕಣ್ಣಲ್ಲಿ ನೀರು! ಗ್ಲುಕೋಸಿನೊಲೇಟ್ ಎನ್ನುವ ಗಂಧಕದ ವಸ್ತು ಒಂದು ಕಡೆ ಇರುತ್ತದೆ, ಅದನ್ನು ಒಡೆಯುವ ಮೈರೊಸಿನೇಸ್ ಎಂಬ ಕಿಣ್ವ ಬೇರೆ ಕೋಶಗಳಲ್ಲಿ. ಅರೆದಾಗ ಎರಡೂ ಸೇರಿ ಘಾಟು ಹುಟ್ಟುತ್ತದೆ. ಒಗ್ಗರಣೆಯ ಕಾದ ಎಣ್ಣೆಯಲ್ಲಿ ಕಿಣ್ವ ಕೆಟ್ಟುಹೋಗುತ್ತದೆ, ಅದಕ್ಕೇ ಅಲ್ಲಿ ಅಷ್ಟು ಘಾಟಿಲ್ಲ. ಈ ಕಿಣ್ವದ ಕೋಶಗಳು ಮೈಕ್ರೋಸ್ಕೋಪಿನಲ್ಲೂ ಕಾಣುತ್ತವೆ.

ಪಪ್ಪಾಯ ಬೀಜ ಒಂದು ಅಗಿಯಿರಿ. ನುಗ್ಗೆ ಬೇರು ಜಜ್ಜಿ ಮೂಸಿ ಸಾಕು, ತಿನ್ನಬೇಡಿ. ಅದೇ ಖಾರ, ಅದೇ ಘಾಟು! ಹೂವು, ಕಾಯಿ, ಮರ ಯಾವುದರಲ್ಲೂ ಹೋಲಿಕೆ ಇಲ್ಲದ ಈ ಗಿಡಗಳನ್ನು 1975ರಲ್ಲಿ ಸಸ್ಯವಿಜ್ಞಾನಿ ರೋಲ್ಫ್ ಡಾಲ್‌ಗ್ರೆನ್ ಈ ರಸಾಯನವನ್ನೇ ನೆಚ್ಚಿ ಸಾಸಿವೆಯ ಜೊತೆ ಒಂದೇ ಗುಂಪಿಗೆ ತಂದರು. ಆಗ ಅದು ದೊಡ್ಡ ಧೈರ್ಯವೇ. 1990ರ ದಶಕದಲ್ಲಿ ಡಿಎನ್‌ಎ ಪರೀಕ್ಷೆಯೂ ಹೆಚ್ಚು ಕಡಿಮೆ ಅದನ್ನೇ ಹೇಳಿತು. ನಾಯಿ ಸಾಸಿವೆಯ ಕುಟುಂಬವಂತೂ ಸಾಸಿವೆ ಕುಟುಂಬಕ್ಕೆ ಅತಿ ಹತ್ತಿರದ್ದು.

ಹಾಗಂತ ಘಾಟೊಂದನ್ನೇ ನಂಬುವ ಹಾಗಿಲ್ಲ. ಪುತ್ರಂಜೀವ ಮರದಲ್ಲೂ ಗ್ಲುಕೋಸಿನೊಲೇಟ್ ಇದೆ, ಆದರೆ ಡಿಎನ್‌ಎ ಅದನ್ನು ಔಡಲ ಇರುವ ದೊಡ್ಡ ಗುಂಪಿಗೆ ಸೇರಿಸುತ್ತದೆ. ಆ ಕಡೆ ಈ ರಸಾಯನ ಬೇರೆಯಾಗಿಯೇ ಹುಟ್ಟಿಕೊಂಡಿದೆ.