ಹಾರ ಹಾಕಿದ್ದು ಸಾಕು, ಇನ್ನು ವಾದ ಮಾಡೋಣ

ನಮಸ್ಕಾರ. ಇವತ್ತು ಸ್ವಲ್ಪ ಬೈಸಿಕೊಳ್ಳುವ ಮಾತು ಹೇಳುತ್ತೇನೆ. ನಾವು ಕಾಸರಗೋಡಿನ ಕನ್ನಡಿಗರು ನಮ್ಮ ದೊಡ್ಡವರನ್ನೆಲ್ಲ ಕ್ವಿಜ್‌ಗೆ ಬಿಟ್ಟುಕೊಟ್ಟಿದ್ದೇವೆ. ಕನ್ನಡದ ಮೊದಲ ರಾಷ್ಟ್ರಕವಿ ಯಾರು? ಮಂಜೇಶ್ವರ ಗೋವಿಂದ ಪೈ. ಬಿರುದು ಕೊಟ್ಟವರು? ಮದರಾಸು ಸರಕಾರ, 1949ರಲ್ಲಿ. ಯಕ್ಷಗಾನದ ಪಿತಾಮಹ? ಕುಂಬಳೆಯ ಪಾರ್ತಿಸುಬ್ಬ. ಆಯ್ತು, ಮುಂದಿನ ಪ್ರಶ್ನೆ. ಮಗುವಿಗೆ ಒಂದು ಪ್ಲಾಸ್ಟಿಕ್ ಡಬ್ಬಿ ಬಹುಮಾನ, ಫೋಟೋಕ್ಕೆ ಒಂದು ಹಾರ, ಅಧ್ಯಕ್ಷರ ಭಾಷಣ, ಚಹಾ.

ಇದರಲ್ಲಿ ತಪ್ಪೇನು ಅಂತ ಕೇಳಬಹುದು. ತಪ್ಪಿಲ್ಲ. ಆದರೆ ಇವರೆಲ್ಲ ಒಪ್ಪಿಕೊಂಡು ತಲೆ ಆಡಿಸಿದವರಲ್ಲ ಮಾರಾಯ್ರೆ. ವಾದ ಮಾಡಿದವರು. ಇದ್ದದ್ದನ್ನು ಬೇಡ ಅಂದವರು. ನಾವು ಮಾತ್ರ ಅವರ ಮುಂದೆ ಕೈಮುಗಿದು ಸುಮ್ಮನೆ ನಿಂತಿದ್ದೇವೆ.

ಗೋವಿಂದ ಪೈಗಳನ್ನೇ ನೋಡಿ. ಹುಟ್ಟಿದ್ದು 1883ರಲ್ಲಿ. ಮನೆಮಾತು ಕೊಂಕಣಿ. ಬರೆದದ್ದು ಕನ್ನಡ. ಹಳೆ ಕನ್ನಡ ಪದ್ಯಕ್ಕೆ ಒಂದು ಕಟ್ಟುಪಾಡು ಇತ್ತು: ಪದ್ಯದ ಎಲ್ಲ ಸಾಲುಗಳಲ್ಲೂ ಎರಡನೇ ಅಕ್ಷರ ಒಂದೇ ವ್ಯಂಜನ ಆಗಿರಬೇಕು. ನೀವು 'ಕಡಲು' ಅಂತ ಶುರು ಮಾಡಿದಿರಿ ಅಂತ ಇಟ್ಟುಕೊಳ್ಳಿ. ಅಲ್ಲಿಗೆ ಮುಗಿಯಿತು. ಮುಂದಿನ ಸಾಲು ಗಿಡ ಅನ್ನಬೇಕು, ಇಲ್ಲ ಮಡಿಲು ಅನ್ನಬೇಕು, ಅದೂ ಅಲ್ಲದಿದ್ದರೆ ಬಡವ, ನಡಿಗೆ, ಒಡಲು. ನಿಮಗೆ ಹೇಳಬೇಕಾಗಿದ್ದದ್ದು ದೋಣಿಯ ವಿಷಯ. ದೋಣಿ ಬರುವ ಹಾಗಿಲ್ಲ! ಸಾವಿರ ವರ್ಷ ದೊಡ್ಡ ದೊಡ್ಡ ಕವಿಗಳು ಈ ಕಟ್ಟಿನೊಳಗೇ ಬರೆದರು, ಅದ್ಭುತವಾಗಿಯೇ ಬರೆದರು. ಪೈಗಳು 1911ರ ಹೊತ್ತಿಗೆ ಇದನ್ನು ಬಿಟ್ಟರು. ಪಂಡಿತರಿಗೆ ಸಿಟ್ಟು ಬಂತು. ಈಗ ನಾವು ಓದುವ ಹೊಸಗನ್ನಡ ಕವಿತೆಯಲ್ಲಿ ಆ ಪ್ರಾಸ ಕಡ್ಡಾಯ ಅಲ್ಲ ಅಂದರೆ, ಅದರ ಹಿಂದೆ ಮಂಜೇಶ್ವರದ ಈ ಮನುಷ್ಯನ ಹಟವೂ ಇದೆ.

ಇಷ್ಟು ಹೇಳಿದ ಮೇಲೆ ಒಂದು ತಕರಾರು ಕೂಡ ಹೇಳುತ್ತೇನೆ. ಪೈಗಳು ಪ್ರಾಸ ಬಿಟ್ಟರು, ಆದರೆ ಓದುಗನಿಗೆ ದಾರಿ ಸಲೀಸು ಮಾಡಲಿಲ್ಲ. ಏಸುವಿನ ಕೊನೆಯ ದಿನದ ಬಗ್ಗೆ ಅವರು ಬರೆದ 'ಗೊಲ್ಗೊಥಾ' ಓದಲು ಕುಳಿತರೆ ಪಕ್ಕದಲ್ಲಿ ನಿಘಂಟು ಬೇಕು. ಬುದ್ಧನ ಕೊನೆಯ ದಿನದ 'ವೈಶಾಖಿ'ಯೂ ಹಾಗೇ. ಹಳೆಯ ಬೀಗ ಒಡೆದವರೇ ಹೊಸದೊಂದು ಬೀಗ ಹಾಕಿದರಲ್ಲ ಅಂತ ನನಗೆ ಅನ್ನಿಸುತ್ತದೆ. ಈ ಮಾತನ್ನು ಜಯಂತಿಯ ವೇದಿಕೆಯಲ್ಲಿ ಹೇಳಿ ನೋಡಿ, ಮುಂದಿನ ವರ್ಷ ನಿಮ್ಮನ್ನು ಕರೆಯುವುದಿಲ್ಲ.

ಆದರೆ ನನಗೆ ತುಂಬ ಇಷ್ಟ ಆಗುವುದು ಪೈಗಳ ಇನ್ನೊಂದು ಮುಖ. ಅವರಿಗೆ ತಾರೀಕಿನ ಹುಚ್ಚು. ಬುದ್ಧ ಯಾವಾಗ ತೀರಿಕೊಂಡ, ಗೊಮ್ಮಟನ ಪ್ರತಿಷ್ಠೆ ಯಾವತ್ತು ಆಯಿತು, ಇಂಥವು. ಈ ಗೊಮ್ಮಟನ ಲೆಕ್ಕ ಒಂದು ಒಳ್ಳೆ ಪತ್ತೇದಾರಿ ಕಥೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಶ್ರವಣಬೆಳಗೊಳದ ವಿಗ್ರಹವನ್ನು ಮಾಡಿಸಿದ್ದು ಚಾವುಂಡರಾಯ. ವಿಗ್ರಹದ ಕಾಲ ಬುಡದಲ್ಲಿ ಅವನ ಹೆಸರಿದೆ, ತಾರೀಕು ಇಲ್ಲ. ಮುಂದೆ ಬಂದ 'ಬಾಹುಬಲಿ ಚರಿತ' ಎಂಬ ಸಂಸ್ಕೃತ ಕಾವ್ಯ ಒಂದು ದಿನ ಕೊಡುತ್ತದೆ: ವಿಭವ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಭಾನುವಾರ. ಸಂವತ್ಸರಗಳು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಹಾಗಾಗಿ ವಿಭವ, ಪಂಚಮಿ, ಭಾನುವಾರ ಮೂರೂ ಕೂಡುವ ದಿನ ಹುಡುಕಿದರೆ ಆಯಿತು. ಕೆಲವು ವಿದ್ವಾಂಸರು ಹುಡುಕಿದರು. 1028ರ ಮಾರ್ಚ್ 3 ಸಿಕ್ಕಿತು. ವಿಭವವೂ ಹೌದು, ಪಂಚಮಿಯೂ ಹೌದು, ಭಾನುವಾರವೂ ಹೌದು. ಮುಗಿಯಿತಲ್ಲ?

ಮುಗಿಯಲಿಲ್ಲ. ರನ್ನನ 'ಅಜಿತಪುರಾಣ' 993ರದ್ದು. ಅದರಲ್ಲಿ ಅತ್ತಿಮಬ್ಬೆ ಬೆಟ್ಟ ಹತ್ತಿ ಆ ಜಿನನ ದರ್ಶನ ಮಾಡಿದ್ದು ಬರುತ್ತದೆ. 1028ರಲ್ಲಿ ಪ್ರತಿಷ್ಠೆಯಾದ ವಿಗ್ರಹವನ್ನು ಅತ್ತಿಮಬ್ಬೆ 35 ವರ್ಷ ಮೊದಲೇ ಹೇಗೆ ನೋಡಿದಳು? ಸರಿ, 60 ವರ್ಷ ಹಿಂದೆ ಹೋಗೋಣ, 968. ಅದಾದರೆ ಇನ್ನೊಂದು ತೊಡಕು. ಚಾವುಂಡರಾಯ ತಾನೇ ಬರೆದ ಪುರಾಣ 978ರದ್ದು. ಅದರಲ್ಲಿ ವಿಗ್ರಹದ ಸುದ್ದಿಯೇ ಇಲ್ಲ. 58 ಅಡಿಯ ಮೂರ್ತಿ ನಿಲ್ಲಿಸಿದವನು ಆ ಬಗ್ಗೆ ಬಾಯಿ ಬಿಡದೆ ಇರುತ್ತಾನಾ? ಹಾಗಾದರೆ 978 ಮತ್ತು 993ರ ನಡುವೆಯೇ ಆಗಿರಬೇಕು. ಪೈಗಳು ಹಿಡಿದ ದಿನ 981ರ ಮಾರ್ಚ್ 13. ಆ ದಿನ ಪಂಚಮಿ, ಭಾನುವಾರ, ಎರಡೂ ಸರಿ. ಆದರೆ ನಮ್ಮ ಕಡೆ ನಡೆಯುವ ಸಂವತ್ಸರದ ಲೆಕ್ಕದಲ್ಲಿ 981 ವಿಭವ ಅಲ್ಲ, ವೃಷ!

ಅಂದರೆ ಒಂದು ಕಾವ್ಯ ಕೊಟ್ಟ ಸಾಕ್ಷಿಯನ್ನು ನಂಬಿದರೆ ಇನ್ನೊಂದು ಕೊಟ್ಟದ್ದನ್ನು ಕೈಬಿಡಬೇಕು. ಯಾವುದನ್ನು, ಯಾಕೆ? ನನಗೆ ರನ್ನನ ಮಾತೇ ಗಟ್ಟಿ ಅನ್ನಿಸುತ್ತದೆ, ಅವನು ಅದೇ ಕಾಲದವನು. ಬಾಹುಬಲಿ ಚರಿತದವರು ಎಷ್ಟೋ ಕಾಲದ ಮೇಲೆ ಬರೆದವರು. ನಿಮಗೆ ಬೇರೆ ಅನ್ನಿಸಬಹುದು. 1981ರಲ್ಲಿ ಬೆಳಗೊಳದಲ್ಲಿ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕ ನಡೆಯಿತು, ಪ್ರಧಾನಿ ಇಂದಿರಾ ಗಾಂಧಿ ಹೆಲಿಕಾಪ್ಟರಿನಿಂದ ಹೂ ಸುರಿದರು. ಆ ಸಾವಿರ ವರ್ಷದ ಲೆಕ್ಕ ನಿಂತಿರುವುದು ಇಂಥ ವಾದದ ಮೇಲೆ. ನಮ್ಮ ಮಕ್ಕಳಿಗೆ ಇದನ್ನು ಯಾಕೆ ಹೇಳುವುದಿಲ್ಲ? 'ರಾಷ್ಟ್ರಕವಿ' ಎಂಬ ಉತ್ತರಕ್ಕಿಂತ ಈ ಪ್ರಶ್ನೆ ನೂರು ಪಾಲು ಗಮ್ಮತ್ತು ಅಲ್ವಾ?

ಇನ್ನು ಪಾರ್ತಿಸುಬ್ಬ. ಮುಳಿಯ ತಿಮ್ಮಪ್ಪಯ್ಯನವರು ಅವನ ಬಗ್ಗೆ ಒಂದು ಪುಸ್ತಕವನ್ನೇ ಬರೆದು, ರಾಮಾಯಣದ ಪ್ರಸಂಗಗಳು, ಅಂದರೆ ಯಕ್ಷಗಾನದ ಪದ್ಯಕಥೆಗಳು, ಕುಂಬಳೆಯ ಸುಬ್ಬನದ್ದು ಅಂದರು. ಶಿವರಾಮ ಕಾರಂತರು ಒಪ್ಪಲಿಲ್ಲ. ಕುಕ್ಕಿಲ ಕೃಷ್ಣ ಭಟ್ಟರು ಮತ್ತೆ ಕುಂಬಳೆಯ ಪರ ನಿಂತರು, ಪಕ್ಕದ ಕೇರಳದ ಕಥಕಳಿಯ ಪದ್ಯಗಳನ್ನೂ ಎದುರಿಗಿಟ್ಟು ನೋಡಿದರು. ಮೂವರೂ ಗಟ್ಟಿ ಆಸಾಮಿಗಳು. ನಾವೀಗ ಮಾಡುವುದೇನು? 'ಸುಬ್ಬ ನಮ್ಮೂರಿನವನು' ಅಂತ ಎದೆ ತಟ್ಟಿಕೊಳ್ಳುತ್ತೇವೆ. ಕಾರಂತರು ಯಾಕೆ ಒಪ್ಪಲಿಲ್ಲ ಅಂತ ಕೇಳಿದರೆ, ಅವರು ಬಡಗಿನವರು (ಉತ್ತರದ ಯಕ್ಷಗಾನ ಶೈಲಿಯ ಕಡೆಯವರು), ಹಾಗೆ ಹೇಳದೆ ಇನ್ನೇನು ಅನ್ನುತ್ತೇವೆ. ಇದು ಉತ್ತರ ಅಲ್ಲ. ಜಾರಿಕೊಳ್ಳುವುದು.

ವಾದ ಮಾಡಲು ನಮಗೆ ಬರುವುದಿಲ್ಲ ಅಂತೇನಿಲ್ಲ. ಇಡೀ ರಾತ್ರಿ ಕುಳಿತು ವಾದ ಕೇಳುವ ಊರು ನಮ್ಮದು. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಶಾಲು ಹೊದ್ದು ಕುಳಿತು ಅಲ್ಲಿಂದಲ್ಲಿಗೆ ಮಾತು ಕಟ್ಟುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ನೆನಪಿಸಿಕೊಳ್ಳುವವರು ಇವತ್ತಿಗೂ ಇದ್ದಾರೆ. ವಾಲಿ ಬಾಣ ತಿಂದು ಬಿದ್ದಿದ್ದಾನೆ, ಎದುರಿಗೆ ಸಾಕ್ಷಾತ್ ರಾಮ. ಕೇಳುವವರೆಲ್ಲ ರಾಮಭಕ್ತರು. ಅಂಥ ಸಭೆಯಲ್ಲಿ ವಾಲಿ ಕೇಳಬೇಕು: ಮರದ ಮರೆಯಿಂದ ಯಾಕೆ ಹೊಡೆದೆ? ನಾನು ಬರೀ ಮಂಗ ಅಂತಾದರೆ ನನಗೆ ಯಾವ ಧರ್ಮದ ಶಿಕ್ಷೆ? ನಾನು ರಾಜ ಅಂತಾದರೆ ವಿಚಾರಣೆ ಎಲ್ಲಿ? ರಾಮನ ಅರ್ಥ ಹೇಳುವವರು ಇದಕ್ಕೆ ಸಮಾಧಾನ ಹೇಳಲೇಬೇಕು. 'ನಾನು ದೇವರು' ಅಂತ ಹೇಳಿ ತಪ್ಪಿಸಿಕೊಂಡರೆ ಆಟ ಸಪ್ಪೆ. ಅದೇ ಶೇಣಿಯವರು ಬಪ್ಪನಾಡಿನ ಪ್ರಸಂಗದಲ್ಲಿ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯಾಗಿಯೂ ಹೆಸರು ಮಾಡಿದರು. ಎದುರು ಪಕ್ಷದ ಬಾಯಿಂದಲೂ ನ್ಯಾಯವಾದ ಮಾತು ಬರಬಹುದು ಎಂಬುದನ್ನು ಅಕ್ಷರ ಬಾರದ ನಮ್ಮ ಅಜ್ಜಂದಿರೂ ಚಾಪೆಯ ಮೇಲೆ ಕುಳಿತು ಒಪ್ಪಿದ್ದರು. ರಾಮನನ್ನೇ ಪ್ರಶ್ನೆ ಕೇಳಿದ ಊರಿನಲ್ಲಿ ಗೋವಿಂದ ಪೈಗಳನ್ನು ಕೇಳಬಾರದಾ?

ಒಂದು ಆಕ್ಷೇಪ ಬರುತ್ತದೆ, ಅದನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ನಾವು ಕೇರಳದಲ್ಲಿ ಭಾಷಾ ಅಲ್ಪಸಂಖ್ಯಾತರು. ಇರುವ ನಾಲ್ಕು ಹೆಸರುಗಳನ್ನೂ ನಾವೇ ಎಳೆದಾಡಿದರೆ ಉಳಿಯುವುದೇನು ಅಂತ ಹಿರಿಯರು ಕೇಳುತ್ತಾರೆ. ಅವರ ಭಯ ನನಗೆ ಅರ್ಥ ಆಗುತ್ತದೆ. ಕಯ್ಯಾರ ಕಿಞ್ಞಣ್ಣ ರೈಗಳು ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಜೀವಮಾನ ಇಡೀ ಹೋರಾಡಿದರು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಲಿ ಅಂತ ವರದಿ ಕೊಟ್ಟಿತು. ಅದು ಜಾರಿಗೆ ಬರಲಿಲ್ಲ. ನೂರು ತುಂಬಿದ ಮೇಲೆ, 2015ರಲ್ಲಿ ರೈಗಳು ತೀರಿಕೊಂಡರು. ಅವರ ಪದ್ಯವನ್ನು ನಾವು ಈಗಲೂ ಹಾಡುತ್ತೇವೆ. ಆದರೆ ಇವತ್ತು ಸರಕಾರಿ ಕೆಲಸದ ಕೇರಳ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವ, ಮಲಯಾಳವನ್ನೂ ಚೆನ್ನಾಗಿ ಮಾತಾಡುವ ಬದಿಯಡ್ಕದ ಹುಡುಗಿಗೆ ಆ ಬೇಡಿಕೆ ಇನ್ನೂ ಬೇಕಾ? ಬೇಕು ಅಂದರೆ ಯಾಕೆ? ಬೇಡ ಅಂದರೆ ಇಲ್ಲಿಯ ಕನ್ನಡ ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರನ್ನು ಕೇಳುವುದು ಹೇಗೆ? ರೈಗಳು ಇದ್ದಿದ್ದರೆ ಈ ಹುಡುಗಿಯ ಜೊತೆ ಕುಳಿತು ವಾದ ಮಾಡುತ್ತಿದ್ದರು ಅಂತ ನನ್ನ ನಂಬಿಕೆ. ಅವರು ಮೇಷ್ಟ್ರಾಗಿದ್ದವರು. ನಾವು ಆ ಪ್ರಶ್ನೆ ಏಳುವ ಮೊದಲೇ ವಂದನಾರ್ಪಣೆ ಮುಗಿಸಿಬಿಡುತ್ತೇವೆ.

ಹಾಗಾಗಿ ನನ್ನದೊಂದು ಸಲಹೆ. ಮುಂದಿನ ಮಾರ್ಚ್ 23ಕ್ಕೆ, ಗೋವಿಂದ ಪೈಗಳ ಜಯಂತಿಯ ದಿನ, ಭಾಷಣ ಸ್ಪರ್ಧೆ ಬಿಡಿ. ಹೈಸ್ಕೂಲಿನ ಇಬ್ಬರು ಮಕ್ಕಳನ್ನು ಎದುರುಬದುರು ಕುಳ್ಳಿರಿಸಿ. ಒಬ್ಬರಿಗೆ 981, ಇನ್ನೊಬ್ಬರಿಗೆ 1028. ಒಂದು ತಿಂಗಳು ಮೊದಲೇ ಪುಸ್ತಕ ಕೊಡಿ, ರನ್ನನ ಸಾಲುಗಳನ್ನು ಕೊಡಿ, ಪಂಚಾಂಗ ನೋಡುವುದನ್ನು ಊರಿನ ಯಾರಾದರೂ ಭಟ್ಟರು ಕಲಿಸಲಿ. ಅರ್ಧ ಗಂಟೆ ಆದ ಮೇಲೆ ಪಕ್ಷ ಬದಲಿಸಿ ಮತ್ತೆ ಮಾತಾಡಿಸಿ. ಅಧ್ಯಕ್ಷರಿಗೆ ಮೈಕ್ ಕೊನೆಗೆ ಕೊಡಿ, ಐದು ನಿಮಿಷ ಸಾಕು. ಯಾವುದಾದರೂ ಶಾಲೆಯವರು ಇದನ್ನು ಮಾಡುತ್ತೀರಿ ಅಂದರೆ ಕೆಳಗೆ ಬರೆಯಿರಿ, ನಾನು ಕ್ಯಾಮೆರಾ ಹಿಡಿದುಕೊಂಡು ಬರುತ್ತೇನೆ.