ಬೋರ್ ನೀರಿನ ಮನೆ: ಗೀಸರ್‌ನಿಂದ ಸಂಪಿನ ತನಕ

ಮೇಜಿನ ಮೇಲೆ ಕಾಣ್ತಿರೋದು ಗೀಸರ್‌ನಿಂದ ಬಿಚ್ಚಿದ ಕಾಯಿಲ್. ತಾಮ್ರವೋ ಸ್ಟೀಲೋ ಅಂತ ಗುರುತು ಸಿಗದಷ್ಟು ಸುಣ್ಣ ಮೆತ್ತಿದೆ. ಉಗುರಿಂದ ಕೆರೆದರೆ ಬರಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದ್ರೆ ಚಕ್ಕೆ ಚಕ್ಕೆಯಾಗಿ ಉದುರುತ್ತೆ. ಬೆಂಗಳೂರಲ್ಲಿ ಬೋರ್ ನೀರು, ಟ್ಯಾಂಕರ್ ನೀರು ನಂಬಿಕೊಂಡ ಮನೆಗಳಿಗೆ ಇದೇನೂ ಹೊಸದಲ್ಲ.

ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿ ಕಡೆಯಿಂದ ಸುಮಾರು 100 ಕಿಲೋಮೀಟರ್ ಪಂಪಾಗಿ ಬರೋ ಕಾವೇರಿ ನೀರಲ್ಲಿ ಈ ತಕರಾರು ಕಡಿಮೆ. ಬೋರ್ ನೀರು ಹಾಗಲ್ಲ. ಲಾಲ್‌ಬಾಗ್ ಬಂಡೆ ನೋಡಿದ್ದೀರಲ್ಲ, ಅದೇ ಜಾತಿಯ ಕಲ್ಲಿನ ಬಿರುಕುಗಳಲ್ಲಿ ಬಹಳ ಕಾಲ ನಿಂತು, ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಮೇಲೆ ಬರುತ್ತೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ, ನಗರಕ್ಕೆ ಸೇರಿಕೊಂಡ ಹೊರವಲಯದ 110 ಹಳ್ಳಿಗಳ ಕಡೆಗೂ ನದಿ ನೀರು ಹರಿಯಿತು. ಆದರೆ ಮನೆಯಲ್ಲಿ ಸಂಪು ಒಂದೇ ಇದ್ದರೆ ಎರಡೂ ನೀರು ಅಲ್ಲೇ ಸೇರುತ್ತೆ. ಅದಕ್ಕೇ ಒಂದು ವಾರ ಸೋಪು ನೊರೆ ಬಂದು, ಮುಂದಿನ ವಾರ ಬರದೇ ಇರೋದು.

ಈ ನೀರು ಕಾದಾಗ ಅದರಲ್ಲಿ ಕರಗಿರೋ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು, ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಸುಣ್ಣದ ಕಲ್ಲು ಉಳಿಯುತ್ತೆ. ನಲ್ಲಿ ಮೇಲೆ ಹನಿ ಒಣಗಿದಾಗಲೂ ಅದೇ. ಬಿಸಿ ಹೆಚ್ಚಾದಷ್ಟೂ ಕಲ್ಲು ಹೆಚ್ಚು. ಹಾಗಾಗಿ ಖರ್ಚಿಲ್ಲದ ಮೊದಲ ಕೆಲಸ, ಗೀಸರ್ ಥರ್ಮೋಸ್ಟಾಟನ್ನ 50ರಿಂದ 55 ಡಿಗ್ರಿಗೆ ಇಳಿಸೋದು. ಕುದಿಯೋ ಹಾಗೆ ಕಾಯಿಸಿ ಆಮೇಲೆ ತಣ್ಣೀರು ಬೆರೆಸೋ ಅಭ್ಯಾಸವೇ ಕಾಯಿಲ್‌ಗೆ ಶತ್ರು.

ಈಗ ಅಳತೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ, ಅಂದ್ರೆ ಕರಗಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಲೆಕ್ಕ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು. ಕರಗಿರೋದನ್ನೆಲ್ಲ ಒಟ್ಟಾಗಿ ತೋರಿಸೋ, ಜೇಬಲ್ಲಿಟ್ಟುಕೊಳ್ಳೋ ಟಿಡಿಎಸ್ ಮೀಟರ್ ಇದನ್ನ ಹೇಳಲ್ಲ. ಅದು ಅಡುಗೆ ಉಪ್ಪು ಕರಗಿದ್ರೂ ಏರುತ್ತೆ, ಸುಣ್ಣ ಕರಗಿದ್ರೂ ಏರುತ್ತೆ. ಬೇಕಾಗಿರೋದು ಹನಿ ಹಾಕಿ ನೋಡೋ ಹಾರ್ಡ್‌ನೆಸ್ ಕಿಟ್. ನೀರಿಗೆ ಬಣ್ಣದ ಪುಡಿ ಹಾಕಿದ್ರೆ ದ್ರಾಕ್ಷಿರಸದ ಕೆಂಪು. ಹನಿ ಹನಿಯಾಗಿ ದ್ರಾವಣ ಬಿಡ್ತಾ ಹೋಗಿ ಪೂರ್ತಿ ನೀಲಿಯಾದಾಗ ಎಷ್ಟು ಹನಿ ಆಯ್ತು ಅಂತ ಎಣಿಸಿ. ಒಂದು ಹನಿಗೆ ಎಷ್ಟು ಮಿಲಿಗ್ರಾಂ ಅನ್ನೋದು ಡಬ್ಬಿ ಮೇಲೇ ಇರುತ್ತೆ. ಸಂಪಿನ ನೀರು, ಕಾವೇರಿ ನಲ್ಲಿ ನೀರು ಬೇರೆ ಬೇರೆ ನೋಡಿ.

ಗೀಸರ್‌ಗೆ ಬರೋಣ. ಕಾಯುವಾಗ ಟಪ್ ಟಪ್ ಸದ್ದು ಬಂದರೆ ಪದರದ ಅಡಿಯಲ್ಲಿ ಸಿಕ್ಕಿಕೊಂಡ ನೀರು ಆವಿಯಾಗ್ತಿದೆ ಅಂತ ಅರ್ಥ. ಕಾಯಿಲ್‌ನ ಶಾಖ ನೀರಿಗೆ ಇಳಿಯದೆ ಅದರೊಳಗೇ ಉಳಿದು, ಹೊರಕವಚ ಬಿರುಕು ಬಿಡುತ್ತೆ. ಕರೆಂಟ್ ನೀರಿಗೆ ಸೋರಿ ಆರ್‌ಸಿಸಿಬಿ, ಅಂದ್ರೆ ಸೋರಿಕೆ ಕಂಡ ಕೂಡಲೇ ಕರೆಂಟ್ ಕಡಿಯೋ ಸ್ವಿಚ್, ಟ್ರಿಪ್ ಆಗೋಕೆ ಶುರು. ಆಗ ಅದನ್ನ ಮತ್ತೆ ಮತ್ತೆ ಮೇಲೆತ್ತಿ ಸ್ನಾನಕ್ಕೆ ಹೋಗೋದು ಜೀವದ ಜೊತೆ ಆಟ. ಇನ್ನೊಂದು ಅಪಾಯ ಸೇಫ್ಟಿ ವಾಲ್ವ್‌ನಲ್ಲಿದೆ. ಸುಣ್ಣ ಕಟ್ಟಿ ಅದು ಅಂಟಿಕೊಂಡ್ರೆ ಟ್ಯಾಂಕಿನ ಒತ್ತಡಕ್ಕೆ ದಾರಿಯೇ ಇರಲ್ಲ. ವಾಲ್ವ್ ಸಂದೇಹ ಇದ್ದರೆ ಕೆರೆದು ಸರಿಮಾಡಬೇಡಿ, ಹೊಸದು ಹಾಕಿಸಿ.

ವಾರಂಟಿ ಇದ್ದರೆ ಕಂಪನಿಯವರೇ ಬಿಚ್ಚಲಿ. ಇಲ್ಲದಿದ್ದರೆ ಬರೋ ಎಲೆಕ್ಟ್ರಿಷಿಯನ್ ಈ ಕ್ರಮದಲ್ಲಿ ಮಾಡ್ತಾರಾ ನೋಡಿಕೊಳ್ಳಿ. ಸ್ವಿಚ್ ಅಷ್ಟೇ ಅಲ್ಲ, ಮೇನ್ ಬೋರ್ಡಿನ ಎಂಸಿಬಿ ಬ್ರೇಕರ್ ಕೂಡ ಆಫ್. ನೀರು ತಣ್ಣಗಾಗಬೇಕು. ಒಳಬರೋ ವಾಲ್ವ್ ಮುಚ್ಚಿ, ಬಿಸಿ ನಲ್ಲಿ ತೆರೆದು, ಇನ್ಲೆಟ್ ಪೈಪ್ ಬಿಚ್ಚಿ ಟ್ಯಾಂಕ್ ಖಾಲಿ. ಆಮೇಲೆ ಕಾಯಿಲ್ ಕೂರಿಸಿರೋ ತಟ್ಟೆಯ, ಅಂದ್ರೆ ಫ್ಲ್ಯಾಂಜ್‌ನ, ಬೋಲ್ಟ್‌ಗಳು. ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್, ಅಂದ್ರೆ ದಿನಸಿ ಅಂಗಡಿಯ ನಿಂಬೆ ಉಪ್ಪು, ಕಲಸಿ ಕಾಯಿಲನ್ನ ಒಂದೆರಡು ಗಂಟೆ ನೆನೆಸಿ. ವೈರ್ ಜೋಡಿಸೋ ತುದಿಗಳು ನೆನೆಯಬಾರದು. ಬಾತ್‌ರೂಮ್ ಆಸಿಡ್ ಹಾಕಿದ್ರೆ ಸುಣ್ಣದ ಜೊತೆ ಲೋಹವೂ ಹೋಗುತ್ತೆ. ಪಕ್ಕದಲ್ಲೇ ಇರೋ ಮೆಗ್ನೀಸಿಯಂ ಆನೋಡ್ ರಾಡ್, ಟ್ಯಾಂಕಿಗೆ ತುಕ್ಕು ಹಿಡಿಯದ ಹಾಗೆ ತಾನು ಸವೆಯೋದೇ ಅದರ ಕೆಲಸ. ಒಳಗಿನ ತಂತಿ ಕಾಣ್ತಿದ್ದರೆ ಬದಲಿಸಿ. ಗ್ಯಾಸ್ಕೆಟ್ ಯಾವಾಗಲೂ ಹೊಸದೇ. ಕೊನೆಗೆ ಬಿಸಿ ನಲ್ಲಿಯಲ್ಲಿ ನೀರು ಗಾಳಿಯಿಲ್ಲದೆ ಒಂದೇ ಸಮ ಬಂದ ಮೇಲಷ್ಟೇ ಕರೆಂಟ್. ಖಾಲಿ ಟ್ಯಾಂಕಿಗೆ ಸ್ವಿಚ್ ಹಾಕಿದ್ರೆ ಕಾಯಿಲ್ ಸುಟ್ಟೇ ಹೋಗುತ್ತೆ.

ಶವರ್ ತಲೆಗೂ, ನಲ್ಲಿ ತುದಿಯ ಜಾಲರಿ, ಅಂದ್ರೆ ಏರೇಟರ್‌ಗೂ ಇದೇ ನಿಂಬೆ ಉಪ್ಪಿನ ನೀರು ಸಾಕು, ಅರ್ಧ ಗಂಟೆ. ಕೌಂಟರ್ ಕಡಪ ಕಲ್ಲಿಂದೋ ಮಾರ್ಬಲ್‌ನದೋ ಆಗಿದ್ದರೆ ಅದರ ಮೇಲೆ ಚೆಲ್ಲಬೇಡಿ. ಅವೂ ಸುಣ್ಣದ ಕಲ್ಲೇ, ಹೊಳಪು ಹೋದ್ರೆ ಹೋಯ್ತು. ಯಾವ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿ ಜೊತೆ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತೆ. ವಾಷಿಂಗ್ ಮಷೀನ್‌ಗೆ ನೀರು ಬರೋ ಪೈಪಿನ ತುದಿಯ ಜಾಲರಿಯನ್ನೂ ತೊಳೀರಿ. ಕುಕ್ಕರ್ ಎಷ್ಟು ಕೂಗಿದ್ರೂ ಬೇಳೆ ಬೇಯಲ್ಲ ಅಂದ್ರೆ ಅಂಗಡಿಯವರನ್ನ ಬಯ್ಯೋ ಮೊದಲು ನೀರು ಬದಲಿಸಿ ನೋಡಿ. ಕ್ಯಾಲ್ಸಿಯಂ ಕಾಳಿನ ಜೀವಕೋಶಗಳ ಪೆಕ್ಟಿನ್ ಅನ್ನ ಬಿಗಿ ಮಾಡುತ್ತೆ.

ಶವರ್‌ಗೆ ಸಿಕ್ಕಿಸೋ ಫಿಲ್ಟರ್‌ಗಳ ಬಗ್ಗೆ ಎಲ್ಲರೂ ಕೇಳ್ತಾರೆ. ಲೆಕ್ಕ ಹಾಕೋಣ. ಗಡಸುತನ ತೆಗೆಯೋ ಸಣ್ಣ ಮಣಿಗಳು, ಅಂದ್ರೆ ರೆಸಿನ್, ಒಂದು ಲೀಟರ್ ಇದ್ದರೆ ಸುಮಾರು 50 ಗ್ರಾಂ ಸುಣ್ಣ ಹಿಡಿಯುತ್ತೆ. ಫಿಲ್ಟರ್ ಒಳಗೆ ಹೆಚ್ಚೆಂದರೆ 200 ಮಿಲಿಲೀಟರ್, ಅಂದ್ರೆ 10 ಗ್ರಾಂ. ಗಡಸುತನ 500 ಇರೋ ನೀರಲ್ಲಿ ಲೀಟರಿಗೆ ಅರ್ಧ ಗ್ರಾಂ. ಇಪ್ಪತ್ತು ಲೀಟರಿಗೆ, ಒಂದು ಬಕೆಟ್ಟಿಗೆ, ಫಿಲ್ಟರ್ ಕಥೆ ಮುಗೀತು. ಪೈಪಿಗೆ ಕಟ್ಟೋ ಆಯಸ್ಕಾಂತವಂತೂ ನೀರಿಂದ ಕ್ಯಾಲ್ಸಿಯಂ ತೆಗೆಯೋದೇ ಇಲ್ಲ.

ಇಡೀ ಮನೆಗೆ ಸಾಫ್ಟನರ್ ಹಾಕೋದಾದ್ರೂ ಇದೇ ಗಣಿತ. 25 ಲೀಟರ್ ರೆಸಿನ್ ಅದೇ ಗಡಸುತನದ ಸುಮಾರು 2,500 ಲೀಟರ್ ನೀರಿಗೆ ಬರುತ್ತೆ, ಆಮೇಲೆ ನಾಲ್ಕು ಕಿಲೋ ಹತ್ತಿರ ಉಪ್ಪು ಕರಗಿಸಿ ತೊಳೀಬೇಕು. ಉಪ್ಪು ಹಾಕೋದು ಮರೆತರೆ ಅದು ಬರೀ ದುಬಾರಿ ಡ್ರಮ್. ನೀರಲ್ಲಿ ಕಬ್ಬಿಣ ಇದ್ದರೆ ಮೊದಲು ಅದನ್ನ ತೆಗೆಯಿರಿ, ಇಲ್ಲದಿದ್ದರೆ ರೆಸಿನ್ ಕೆಂಪಾಗಿ ಕೆಲಸ ನಿಲ್ಲಿಸುತ್ತೆ. ತೊಳೆದ ಉಪ್ಪುನೀರು ಗಿಡಗಳಿಗೆ ಬೇಡ. ಅಡುಗೆಮನೆಯ ಲೈನ್‌ಗೂ ಸಾಫ್ಟನರ್ ಬೇಡ. ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬರೋದ್ರಿಂದ, ಗಡಸುತನ 500 ಇದ್ದ ನೀರಲ್ಲಿ ಲೀಟರಿಗೆ 230 ಮಿಲಿಗ್ರಾಂ ಸೋಡಿಯಂ ಹೆಚ್ಚುತ್ತೆ. ಬಿಪಿ ಇರೋರ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಸಾಫ್ಟನರ್ ಬಾತ್‌ರೂಮು, ವಾಷಿಂಗ್ ಮಷೀನ್‌ಗಿರಲಿ. ಕಾವೇರಿ ಇದ್ದರೆ ಅಡುಗೆಗೆ ನೇರ ಲೈನ್ ಎಳೆಸಿ.

ಮಳೆನೀರಲ್ಲಿ ಗಡಸುತನ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಸಾವಿರ ಚದರಡಿ ತಾರಸಿ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ, ಪೋಲಾಗಿದ್ದು ಕಳೆದು ಸುಮಾರು 1,800 ಲೀಟರ್ ಸಂಪಿಗೆ ಇಳಿಯುತ್ತೆ. 500ರ ಬೋರ್ ನೀರಿಗೆ ಅಷ್ಟೇ ಮಳೆನೀರು ಸೇರಿದ್ರೆ 250. ಶುರುವಿನ ಮಳೆಯ ಕೊಳೆನೀರು ಹೊರಗೆ ಹೋಗೋ ಹಾಗೆ ವಾಲ್ವ್ ಇರಲಿ, ಫಿಲ್ಟರ್‌ನ ಮರಳು ಜಲ್ಲಿಯನ್ನ ಏಪ್ರಿಲ್ ಒಳಗೇ ತೊಳೆದಿಡಿ.